ಸ್ವತಂತ್ರ ತಯಾರಕರ ಕನ್ನಡಕ: ಆಯ್ಕೆಯಿಂದ ಆರೈಕೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಬಂಗಾರದ ಬಳೆ ಕೊಳ್ಳುವಾಗ ತೂಕ ನೋಡುತ್ತೇವೆ, ಹಾಲ್‌ಮಾರ್ಕ್ ಹುಡುಕುತ್ತೇವೆ, ಬೆಸುಗೆ ಎಲ್ಲಿದೆ ಎಂದು ತಿರುಗಿಸಿ ತಿರುಗಿಸಿ ನೋಡುತ್ತೇವೆ. ಎದ್ದಾಗಿನಿಂದ ಮಲಗುವವರೆಗೆ ಮುಖದ ಮೇಲೆಯೇ ಇರುವ ಕನ್ನಡಕಕ್ಕೆ ಅದರ ಕಾಲುಭಾಗದಷ್ಟು ಗಮನವನ್ನೂ ಕೊಡುವುದಿಲ್ಲ. ಕಡ್ಡಿಯ ಮೇಲಿನ ಹೆಸರು ಓದಿ ಹಣ ಎಣಿಸಿಬಿಡುತ್ತೇವೆ. ಆ ಹೆಸರು ಎಷ್ಟೋ ಸಲ ಬಾಡಿಗೆಯದು. ಉಡುಪು, ಕೈಚೀಲ, ಸುಗಂಧ ಮಾರುವ ಫ್ಯಾಷನ್ ಸಂಸ್ಥೆಗಳು ತಮ್ಮ ಹೆಸರನ್ನು ಪರವಾನಗಿಯ ಮೇಲೆ ದೊಡ್ಡ ಕನ್ನಡಕ ಕಂಪನಿಗಳಿಗೆ ಕೊಡುತ್ತವೆ. ಒಂದೇ ಕಂಪನಿಯಿಂದ ಹತ್ತಾರು ಹೆಸರಿನ ಚೌಕಟ್ಟುಗಳು ಹೊರಬರುತ್ತವೆ. ಲಿಯೊನಾರ್ಡೊ ಡೆಲ್ ವೆಕಿಯೊ 1961ರಲ್ಲಿ ಇಟಲಿಯ ಅಗೊರ್ಡೊ ಎಂಬ ಪುಟ್ಟ ಊರಿನಲ್ಲಿ ಆರಂಭಿಸಿದ ಲಕ್ಸೊಟಿಕಾ ಕಂಪನಿ ಇಂಥ ಪರವಾನಗಿಗಳನ್ನು ಪಡೆಯುತ್ತ ಬೆಳೆಯಿತು. 1999ರಲ್ಲಿ ರೇ-ಬ್ಯಾನ್, 2007ರಲ್ಲಿ ಓಕ್ಲಿಯನ್ನು ಕೊಂಡಿತು. 2018ರಲ್ಲಿ ಫ್ರಾನ್ಸಿನ ಲೆನ್ಸ್ ಕಂಪನಿ ಎಸಿಲಾರ್ ಜೊತೆ ಒಂದಾಯಿತು.

ಇದರಾಚೆಗೆ, ಕನ್ನಡಕವನ್ನೇ ಕಸುಬಾಗಿ ಹಿಡಿದ ಸಣ್ಣ ತಯಾರಕರ ಲೋಕವೊಂದಿದೆ. ಅವರ ಚೌಕಟ್ಟುಗಳು ಅಗ್ಗವಲ್ಲ. ಹಾಗಾಗಿಯೇ ಕೊಡುವ ಹಣ ಕೈಗೆಲಸಕ್ಕೆ ಮತ್ತು ನಿಮ್ಮ ಮೂಗಿಗೆ ಹೊಂದುವ ಅಳತೆಗೆ ಹೋಗುತ್ತಿದೆಯೇ ಎಂದು ನೋಡಿಕೊಳ್ಳುವುದು ಕೊಳ್ಳುವವರ ಕೆಲಸ. ಅದನ್ನು ಕಣ್ಣಿನಿಂದ, ಬೆರಳಿನಿಂದ, ಸ್ವಲ್ಪ ಕೂಡಿ ಕಳೆಯುವ ಲೆಕ್ಕದಿಂದ ಯಾರು ಬೇಕಾದರೂ ಮಾಡಬಹುದು.

ಹಂತ 1: ಯಾರು, ಎಲ್ಲಿ ಮಾಡಿದರು ಎಂದು ತಿಳಿದುಕೊಳ್ಳಿ

ಕನ್ನಡಕ ಕಸುಬಿನ ಹೆಸರಾಂತ ಊರುಗಳಲ್ಲಿ ಹಲವು ಹಿಮ ಬೀಳುವ ಊರುಗಳು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಫ್ರಾನ್ಸಿನ ಜೂರಾ ಬೆಟ್ಟಗಳ ಮೊರೆ ಊರಿನಲ್ಲಿ 1796ರಲ್ಲಿ ಮೊಳೆ ಮಾಡುವ ಕಮ್ಮಾರನೊಬ್ಬ ತಂತಿಯಿಂದ ಕನ್ನಡಕ ಮಾಡಿದ. ಇಟಲಿಯ ಕಡೋರೆ ಕಣಿವೆಯಲ್ಲಿ 1878ರಲ್ಲಿ ಕಾರ್ಖಾನೆ ಬಂತು. ಜಪಾನಿನ ಫುಕುಯಿಯಲ್ಲಿ 1905ರಲ್ಲಿ ಮಸುನಾಗ ಗೊಜಾಎಮೊನ್ ಎಂಬ ಊರ ಮುಖಂಡ, ಚಳಿಗಾಲದಲ್ಲಿ ಗದ್ದೆಗಳೆಲ್ಲ ಹಿಮದಡಿ ಹೂತು ರೈತರು ಕೈಕಟ್ಟಿ ಕೂರುವುದನ್ನು ನೋಡಲಾಗದೆ ಒಸಾಕಾದಿಂದ ಕುಶಲಕರ್ಮಿಗಳನ್ನು ಕರೆಸಿ ತನ್ನ ಹಳ್ಳಿಯ ಹುಡುಗರಿಗೆ ಕನ್ನಡಕದ ಕೆಲಸ ಕಲಿಸಿದ. ಅಲ್ಲಿಂದ ಹಬ್ಬಿದ ಕಸುಬು ಪಕ್ಕದ ಸಬಾಯೆ ಊರನ್ನು ಜಪಾನಿನ ಕನ್ನಡಕದ ರಾಜಧಾನಿಯನ್ನಾಗಿ ಮಾಡಿತು. ಇಂದು ಜಪಾನಿನಲ್ಲಿ ತಯಾರಾಗುವ ಚೌಕಟ್ಟುಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಈ ಪ್ರದೇಶದವು. ಕೆಲಸ ಒಂದೇ ಸೂರಿನಡಿ ನಡೆಯುವುದಿಲ್ಲ. ಒಬ್ಬರು ಹಿಂಜು, ಅಂದರೆ ಕಡ್ಡಿ ಮಡಚಲು ಬಿಡುವ ಲೋಹದ ಕೀಲು, ಮಾತ್ರ ಮಾಡುತ್ತಾರೆ, ಇನ್ನೊಬ್ಬರು ಬೆಸುಗೆ ಮಾತ್ರ, ಮತ್ತೊಬ್ಬರು ಉಜ್ಜಿ ಹೊಳಪು ಕೊಡುವುದು ಮಾತ್ರ. ಊರಿಗೆ ಊರೇ ಒಂದು ಕಾರ್ಖಾನೆ. ಟೈಟಾನಿಯಂ ಚೌಕಟ್ಟನ್ನು 1980ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದವರೂ ಇವರೇ.

ಸ್ವತಂತ್ರ ತಯಾರಕರ ಪರಿಚಯಕ್ಕೆ ಕೆಲವು ಹೆಸರುಗಳನ್ನು ಹೇಳುತ್ತೇನೆ: 1969ರಲ್ಲಿ ಲಂಡನ್ನಿನಲ್ಲಿ ಶುರುವಾದ ಕಟ್ಲರ್ ಆ್ಯಂಡ್ ಗ್ರಾಸ್, 1979ರ ಎಲ್.ಎ. ಐವರ್ಕ್ಸ್, ಬೆಲ್ಜಿಯಂನ ಆಂಟ್ವರ್ಪ್‌ನ ಥಿಯೊ, ಫ್ರಾನ್ಸಿನ ಟುಲೂಸ್‌ನ ಆನ್ ಎ ವಾಲೆಂತಾ, 2003ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಮಿಕಿಟಾ, 2014ರ ಜಾಕ್ ಮಾರಿ ಮಾಜ್. ಸಬಾಯೆಯ ಕಡೆಯಿಂದ ಮಸುನಾಗ ಮತ್ತು ಕನೆಕೊ.

ಸ್ವತಂತ್ರವಾಗಿ ಶುರುವಾದದ್ದು ಸ್ವತಂತ್ರವಾಗಿಯೇ ಉಳಿದಿದೆ ಎಂದುಕೊಳ್ಳಬೇಡಿ. ಡೆನ್ಮಾರ್ಕಿನ ಲಿಂಡ್‌ಬರ್ಗ್ ಅನ್ನು 2021ರಲ್ಲಿ ಫ್ರಾನ್ಸಿನ ಐಷಾರಾಮಿ ಫ್ಯಾಷನ್ ಸಮೂಹ ಕೆರಿಂಗ್ ಕೊಂಡಿತು, ಜರ್ಮನಿಯ ಐಸಿ ಬರ್ಲಿನ್ ಅನ್ನು 2023ರಲ್ಲಿ ಇಟಲಿಯ ದೊಡ್ಡ ಕನ್ನಡಕ ಕಂಪನಿ ಮಾರ್ಕೊಲಿನ್ ಕೊಂಡಿತು, ಆಲಿವರ್ ಪೀಪಲ್ಸ್ ಬಹಳ ಹಿಂದೆಯೇ ಲಕ್ಸೊಟಿಕಾದ ಪಾಲಾಯಿತು. ಮಾಲೀಕರು ಬದಲಾದ ಕೂಡಲೇ ಕೆಲಸ ಕೆಡುತ್ತದೆ ಎಂದು ನಾನು ಹೇಳುತ್ತಿಲ್ಲ. ಸಣ್ಣ ಕಸುಬುದಾರರಿಗೇ ಹಣ ತಲುಪಬೇಕು ಎಂಬ ಆಸೆಯಿಂದ ಕೊಳ್ಳುವವರು ಈಗಿನ ಮಾಲೀಕರು ಯಾರೆಂದು ನೋಡಿಕೊಳ್ಳಬೇಕು.

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಸರಳ: ಇದು ಯಾವ ಊರಿನಲ್ಲಿ ತಯಾರಾಯಿತು? ಕಡ್ಡಿಯ ಒಳಮೈಯಲ್ಲಿ ‘ಡಿಸೈನ್ಡ್ ಇನ್’ ಎಂದಿದ್ದರೆ ರೇಖಾಚಿತ್ರ ಆ ದೇಶದ್ದು, ಕೆಲಸ ಬೇರೆಡೆ ನಡೆದಿರಬಹುದು. ‘ಮೇಡ್ ಇನ್’ ಬೇರೆ ಮಾತು. ಚೀನಾದಲ್ಲಿ ಮಾಡಿದ್ದೆಲ್ಲ ಕೀಳು ಎಂಬ ನಂಬಿಕೆಯನ್ನು ಬಿಟ್ಟುಬಿಡಿ. ಅಲ್ಲಿಯೂ ಅತ್ಯುತ್ತಮ ಕಾರ್ಖಾನೆಗಳಿವೆ. ಹೇಳಬೇಕಾದ ಊರನ್ನು ಮುಚ್ಚಿಡುವ ತಯಾರಕರ ಬಗ್ಗೆ ಮಾತ್ರ ಎಚ್ಚರವಿರಲಿ.

ಹಂತ 2: ಚಂದ ನೋಡುವ ಮೊದಲು ಅಳತೆ ನೋಡಿ

ಈಗ ನೀವು ಹಾಕಿಕೊಂಡಿರುವ ಕನ್ನಡಕವನ್ನು ತೆಗೆದು ಕಡ್ಡಿಯ ಒಳಭಾಗ ನೋಡಿ. 48□22-145 ಎಂಬಂಥ ಬರಹ ಇರುತ್ತದೆ. ಮೊದಲನೆಯದು ಒಂದು ಲೆನ್ಸಿನ ಅಗಲ, ಎರಡನೆಯದು ಮೂಗಿನ ಮೇಲೆ ಎರಡು ಲೆನ್ಸುಗಳ ನಡುವಿನ ಅಂತರ, ಮೂರನೆಯದು ಕಡ್ಡಿಯ ಉದ್ದ, ಎಲ್ಲವೂ ಮಿಲಿಮೀಟರಿನಲ್ಲಿ. ಈ ಮೂರು ಅಂಕಿಗಳನ್ನು ಬರೆದಿಟ್ಟುಕೊಳ್ಳಿ. ಜೊತೆಗೆ ಕಣ್ಣಿನ ಪಾಪೆಗಳ ನಡುವಿನ ದೂರ, ಅಂದರೆ ಪಿ.ಡಿ., ಎಷ್ಟೆಂದು ಕಣ್ಣು ಪರೀಕ್ಷಿಸಿದವರಿಂದ ಕೇಳಿ ಬರೆಸಿಕೊಳ್ಳಿ. ವಯಸ್ಕರಲ್ಲಿ ಇದು ಸಾಮಾನ್ಯವಾಗಿ 60ರ ಆಸುಪಾಸಿನಲ್ಲಿರುತ್ತದೆ. ಚೀಟಿಯಲ್ಲಿ ಪವರ್ ಬರೆದು ಪಿ.ಡಿ. ಬಿಡುವುದು ನಮ್ಮಲ್ಲಿ ಬಹಳ.

ಈಗ ಲೆಕ್ಕ. ಲೆನ್ಸಿನ ಅಗಲ ಮತ್ತು ನಡುವಿನ ಅಂತರ ಕೂಡಿಸಿ: 48+22=70. ಅದರಿಂದ ನಿಮ್ಮ ಪಿ.ಡಿ. ಕಳೆಯಿರಿ. 64 ಆಗಿದ್ದರೆ ಉಳಿಯುವುದು 6, ಒಂದೊಂದು ಕಣ್ಣಿಗೆ 3 ಮಿ.ಮೀ. ಅಂದರೆ ನಿಮ್ಮ ಪಾಪೆ ಲೆನ್ಸಿನ ನಟ್ಟನಡುವಿನಿಂದ ಮೂಗಿನ ಕಡೆಗೆ 3 ಮಿ.ಮೀ. ಸರಿದಿರುತ್ತದೆ. ಇದು ಒಳ್ಳೆಯ ಅಂಕಿ. ಅದೇ ಕಣ್ಣಿಗೆ 56□20ರ ದೊಡ್ಡ ಚೌಕಟ್ಟು ಹಾಕಿದರೆ ಆ ದೂರ 6 ಮಿ.ಮೀ. ಆಗುತ್ತದೆ. ಮೈನಸ್ ಪವರ್ ಹೆಚ್ಚಿರುವವರಿಗೆ ಇದರ ಪರಿಣಾಮ ಕಣ್ಣಿಗೆ ಕಾಣುವಂಥದ್ದು: ಕಿವಿಯ ಕಡೆಯ ಅಂಚು ದಪ್ಪವಾಗಿ ಹೊರಗೆ ಚಾಚುತ್ತದೆ. ಮೈನಸ್ 4ಕ್ಕಿಂತ ಹೆಚ್ಚಿದ್ದರೆ ಚಿಕ್ಕ, ದುಂಡನೆಯ ಲೆನ್ಸಿನ ದಪ್ಪ ಅಸಿಟೇಟ್ (ನಾರಿನಿಂದ ಮಾಡಿದ ಒಂದು ಬಗೆಯ ಪ್ಲಾಸ್ಟಿಕ್) ಚೌಕಟ್ಟು ಆರಿಸಿ. ಚೌಕಟ್ಟಿನ ದಪ್ಪವೇ ಅಂಚನ್ನು ಮರೆಮಾಡುತ್ತದೆ. ದುಬಾರಿ ತೆಳು ಲೆನ್ಸು ಮಾಡುವ ಅರ್ಧ ಕೆಲಸವನ್ನು ಸರಿಯಾದ ಅಳತೆಯೇ ಪುಕ್ಕಟೆಯಾಗಿ ಮಾಡಿಕೊಡುತ್ತದೆ.

ಓದಲು ಮತ್ತು ದೂರ ನೋಡಲು ಒಂದೇ ಲೆನ್ಸು, ಅಂದರೆ ಪ್ರೊಗ್ರೆಸಿವ್ ಬೇಕಾದವರು ಲೆನ್ಸಿನ ಎತ್ತರವನ್ನೂ ಅಳೆಯಬೇಕು. 28 ಮಿ.ಮೀ.ಗಿಂತ ಕಡಿಮೆ ಎತ್ತರದ ಚೌಕಟ್ಟಿನಲ್ಲಿ ಓದುವ ಭಾಗಕ್ಕೆ ಜಾಗ ಸಾಲದೆ ಹೋಗಬಹುದು.

ಹಂತ 3: ವಸ್ತುವನ್ನು ಆರಿಸಿ

ಅಸಿಟೇಟ್ ಎಂದರೆ ಹತ್ತಿ ಮತ್ತು ಮರದ ನಾರಿನಿಂದ ಮಾಡಿದ ಹಾಳೆ. ಇಟಲಿಯ ಮಜುಕೆಲ್ಲಿ, 1849ರಿಂದ ಇರುವ ಮನೆತನ, ಈ ಹಾಳೆಗೆ ಪ್ರಸಿದ್ಧ. ಒಳ್ಳೆಯ ಹಾಳೆಯಲ್ಲಿ ಬಣ್ಣ ಮೇಲೆ ಬಳಿದದ್ದಲ್ಲ, ಒಳಗಿನಿಂದಲೇ ಬಂದದ್ದು. ಕೆರೆದರೂ ಅದೇ ಬಣ್ಣ, ಮತ್ತೆ ಉಜ್ಜಿದರೆ ಅದೇ ಹೊಳಪು. ಹಾಳೆಯಿಂದ ಚೌಕಟ್ಟನ್ನು ಕಡೆದು, ಮರದ ಚೂರುಗಳೂ ಹೊಳಪಿನ ಪುಡಿಯೂ ತುಂಬಿದ ಪೀಪಾಯಿಗಳಲ್ಲಿ ದಿನಗಟ್ಟಲೆ ಉರುಳಿಸಿ, ಕೊನೆಗೆ ಕೈಯಿಂದ ಉಜ್ಜುತ್ತಾರೆ. ಅಚ್ಚಿಗೆ ಪ್ಲಾಸ್ಟಿಕ್ ಸುರಿದು ಮಾಡಿದ ಚೌಕಟ್ಟಿಗೆ ಈ ಆಳ ಬರುವುದಿಲ್ಲ.

ಕೆಲವು ಜಪಾನಿ ತಯಾರಕರು ಇಂದಿಗೂ ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ ಬಳಸುತ್ತಾರೆ. ಅದು ಅಸಿಟೇಟಿಗಿಂತ ಗಟ್ಟಿ, ಆಕಾರ ಬಿಡದು, ಹೊಳಪು ಬಹುಕಾಲ ಉಳಿಯುತ್ತದೆ. ಆದರೆ ಬೆಂಕಿ ತಗಲಿದರೆ ಬೇಗ ಹತ್ತಿಕೊಳ್ಳುವ ವಸ್ತುವಾದ್ದರಿಂದ ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಟೈಟಾನಿಯಂ ಹಗುರ, ಬೆವರಿಗೆ ತುಕ್ಕು ಹಿಡಿಯದು, ನಿಕಲ್ ಅಲರ್ಜಿ ಇರುವವರಿಗೆ ವರದಾನ. ಮಂಗಳೂರು, ಉಡುಪಿ, ಕಾರವಾರದ ಸೆಕೆಯಲ್ಲಿ ದಿನವಿಡೀ ಹಾಕುವವರಿಗೆ ನನ್ನ ಮೊದಲ ಸಲಹೆ ಇದೇ. ಅಲರ್ಜಿ ಇದ್ದರೆ ಪೂರ್ತಿ ಟೈಟಾನಿಯಮ್ಮೇ ಎಂದು ಖಚಿತಪಡಿಸಿಕೊಳ್ಳಿ. ಕಡ್ಡಿ ಮಾತ್ರ ಟೈಟಾನಿಯಂ, ಉಳಿದದ್ದು ಬೇರೆ ಲೋಹ ಎಂಬ ಚೌಕಟ್ಟುಗಳೂ ಇವೆ.

ಎಮ್ಮೆಯ ಕೊಂಬಿನಿಂದ ಕಡೆದ ಚೌಕಟ್ಟುಗಳು ಬೆಚ್ಚಗೆ, ಹಗುರಾಗಿ, ನೋಡಲು ಅಪೂರ್ವವಾಗಿರುತ್ತವೆ. ಒಣಗಿದರೆ ಸೀಳುವುದರಿಂದ ಆಗಾಗ ಎಣ್ಣೆ ಅಥವಾ ಮೇಣ ಸವರುತ್ತಿರಬೇಕು. ಆಮೆಚಿಪ್ಪಿನದು ಎಂದು ಯಾರಾದರೂ ಹಳೆಯ ಚೌಕಟ್ಟು ತೋರಿಸಿದರೆ ಮುಟ್ಟದೆ ಹಿಂದಿರುಗಿಸಿ. ಅದು ಅಳಿವಿನಂಚಿನ ಕಡಲಾಮೆಯದು. ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧವಿದೆ, ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿಯೂ ಅಪರಾಧ.

ಹಂತ 4: ಕೈಯಲ್ಲಿ ಹಿಡಿದು ಪರೀಕ್ಷಿಸಿ

ಇಲ್ಲಿ ಅವಸರ ಮಾಡಬೇಡಿ. ಕನ್ನಡಿಯ ಮುಂದೆ ಕಳೆಯುವ ಸಮಯಕ್ಕಿಂತ ಹೆಚ್ಚು ಸಮಯವನ್ನು ಈ ಹಂತಕ್ಕೆ ಕೊಡಿ. ಒಳ್ಳೆಯ ಅಂಗಡಿಯವರು ಬೇಸರಿಸಿಕೊಳ್ಳುವುದಿಲ್ಲ, ತಮ್ಮ ಮಾಲನ್ನು ಬಲ್ಲವರು ಬಂದರೆಂದು ಖುಷಿಪಡುತ್ತಾರೆ.

ಮೊದಲು ಕಡ್ಡಿಗಳನ್ನು ಪೂರ್ತಿ ಬಿಚ್ಚಿ ಕನ್ನಡಕವನ್ನು ಗಾಜಿನ ಮೇಜಿನ ಮೇಲೆ ತಲೆಕೆಳಗಾಗಿ ಇಡಿ. ಚೌಕಟ್ಟಿನ ಮೇಲಂಚು ಮತ್ತು ಎರಡೂ ಕಡ್ಡಿಗಳು ಒಟ್ಟಿಗೆ ಗಾಜಿಗೆ ತಾಗಬೇಕು. ಒಂದು ಮೂಲೆ ಒತ್ತಿದಾಗ ಇನ್ನೊಂದು ಏಳುತ್ತಿದ್ದರೆ ಚೌಕಟ್ಟು ಸೊಟ್ಟಗಿದೆ. ಸಾಗಣೆಯಲ್ಲಿ ಹಾಗಾಗಿರಬಹುದು, ಅಂಗಡಿಯಲ್ಲೇ ಬಿಸಿ ಮಾಡಿ ಸರಿಪಡಿಸಲು ಹೇಳಿ, ಮತ್ತೆ ಇಟ್ಟು ನೋಡಿ.

ಅಸಿಟೇಟ್ ಚೌಕಟ್ಟಾದರೆ ಟ್ಯೂಬ್‌ಲೈಟಿನ ಕೆಳಗೆ ನಿಂತು ಅದರ ಮುಖಭಾಗವನ್ನು ನಿಧಾನವಾಗಿ ಓರೆಯಾಗಿಸಿ. ಬೆಳಕಿನ ಗೆರೆ ಚೌಕಟ್ಟಿನ ಮೇಲೆ ನೀರಿನಂತೆ ಹರಿಯಬೇಕು. ಗೆರೆ ಅಲ್ಲಲ್ಲಿ ನಡುಗಿದರೆ, ಒಡೆದರೆ, ಉಜ್ಜುವ ಕೆಲಸ ಅರ್ಧಕ್ಕೇ ನಿಂತಿದೆ ಎಂದರ್ಥ. ಆಮೇಲೆ ಯಾರೂ ನೋಡದ ಜಾಗ ನೋಡಿ: ಮೂಗಿನ ಸೇತುವೆಯ ಒಳಮೈ, ಕಡ್ಡಿಯ ತುದಿಯ ಅಡಿಭಾಗ, ಕಡ್ಡಿ ಮಡಚುವ ಮೂಲೆ. ಅಲ್ಲಿಯೂ ಮುಖಭಾಗದ ನುಣುಪೇ ಇದ್ದರೆ ಮಾಡಿದವರಿಗೆ ಕೆಲಸದ ಮೇಲೆ ಪ್ರೀತಿ ಇತ್ತು.

ಕಡ್ಡಿ ಮತ್ತು ಮುಖಚೌಕಟ್ಟು ಸೇರುವ ಕೀಲಿನ ಮೇಲೆ ಉಗುರು ಆಡಿಸಿ. ಒಳ್ಳೆಯ ತಯಾರಕರು ಎರಡೂ ತುಂಡುಗಳನ್ನು ಓರೆಯಾಗಿ ಕತ್ತರಿಸಿ, ಸೇರಿಸಿ, ಆಮೇಲೆ ಒಟ್ಟಿಗೆ ಉಜ್ಜುತ್ತಾರೆ. ಉಗುರಿಗೆ ಮೆಟ್ಟಿಲು ಸಿಗಬಾರದು.

ಹಿಂಜಿಗೆ ಬನ್ನಿ. ಒಂದರೊಳಗೊಂದು ಸೇರುವ ಲೋಹದ ಹಲ್ಲುಗಳನ್ನು ಎಣಿಸಿ: ಮೂರು, ಐದು, ಏಳು. ಹೆಚ್ಚಿದ್ದಷ್ಟೂ ಹೊರೆ ಹಂಚಿಹೋಗುತ್ತದೆ, ಆದರೆ ಸಂಖ್ಯೆಯೊಂದನ್ನೇ ನಂಬಬೇಡಿ. ಕಡ್ಡಿಯನ್ನು ಅರ್ಧ ಬಿಚ್ಚಿ ಬಿಟ್ಟಾಗ ಅದು ಅಲ್ಲೇ ನಿಲ್ಲಬೇಕು, ಜೋತುಬೀಳಬಾರದು; ಮಡಚುವಾಗ ಮೊದಲಿನಿಂದ ಕೊನೆಯವರೆಗೆ ಒಂದೇ ಬಿಗಿ ಇರಬೇಕು. ಮುಖಭಾಗದ ಮೂಲೆಗಳಲ್ಲಿ ಎರಡೋ ಮೂರೋ ಲೋಹದ ಚುಕ್ಕಿಗಳಿದ್ದರೆ ಹಿಂದೆ ತಿರುಗಿಸಿ ನೋಡಿ. ನಿಜವಾದ ರಿವೆಟ್ ಆಗಿದ್ದರೆ ಆ ಚುಕ್ಕಿ ಅಸಿಟೇಟನ್ನು ತೂರಿ ಒಳಗಿನ ಹಿಂಜನ್ನು ಹಿಡಿದಿರುತ್ತದೆ. ಬರೀ ಅಂಟಿಸಿದ ಅಲಂಕಾರವಾದರೆ ಚುಕ್ಕಿಗೂ ಹಿಂಜಿಗೂ ಸಂಬಂಧವೇ ಇರುವುದಿಲ್ಲ. ಅಲಂಕಾರ ತಪ್ಪಲ್ಲ, ಅದಕ್ಕೆ ರಿವೆಟ್ಟಿನ ಬೆಲೆ ಕೊಡುವುದು ತಪ್ಪು.

ಲೋಹದ ಚೌಕಟ್ಟಾದರೆ ಬೆಸುಗೆಯ ಜಾಗಗಳನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ಗಂಟು, ಬಣ್ಣಗೆಟ್ಟ ಕಲೆ ಇರಬಾರದು.

ಹಂತ 5: ಮುಖಕ್ಕೆ ಕೂರಿಸಿ

ದುಂಡು ಮುಖಕ್ಕೆ ಚೌಕ, ಚೌಕ ಮುಖಕ್ಕೆ ದುಂಡು ಎಂಬ ಸೂತ್ರವನ್ನು ಎಲ್ಲರೂ ಹೇಳುತ್ತಾರೆ. ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ಕನ್ನಡಕ ಕೂರುವುದು ಮೂಗಿನ ಮೇಲೆ. ಮೂಗು ಒಪ್ಪಿದ ಮೇಲೆ ಉಳಿದ ಮಾತು. ಅಸಿಟೇಟ್ ಚೌಕಟ್ಟಿನಲ್ಲಿ ಮೂಗಿನ ಭಾಗವನ್ನು ಆಮೇಲೆ ಹಿಗ್ಗಿಸುವುದೋ ಕುಗ್ಗಿಸುವುದೋ ಸುಲಭವಲ್ಲ. ಅದು ಮೂಗಿನ ಎರಡೂ ಪಕ್ಕಗಳಿಗೆ ಉದ್ದಕ್ಕೂ ತಾಗಿ ಕೂರಬೇಕು. ಮೇಲೆ ಮಾತ್ರ ತಾಗಿದರೆ ಸಂಜೆಗೆ ಕೆಂಪು ಗುರುತು, ಕೆಳಗೆ ಮಾತ್ರ ತಾಗಿದರೆ ಜಾರಾಟ. ಯುರೋಪಿನ ಎಷ್ಟೋ ತಯಾರಕರ ಅಚ್ಚು ಎತ್ತರದ, ಕಿರಿದಾದ ಮೂಗಿಗೆ ಹೊಂದುವಂಥದ್ದು. ನಿಮ್ಮ ಮೂಗಿನ ಬುಡ ತಗ್ಗಾಗಿದ್ದರೆ ಎತ್ತರಿಸಿದ ಮೂಗುಪಟ್ಟಿಯ ಮಾದರಿ ಕೇಳಿ, ಇಲ್ಲವೇ ಹೊಂದಿಸಬಹುದಾದ ಸಿಲಿಕಾನ್ ಪ್ಯಾಡುಗಳಿರುವ ಲೋಹದ ಚೌಕಟ್ಟಿಗೆ ಹೋಗಿ.

ಹಾಕಿಕೊಂಡು ಬಾಯ್ತುಂಬ ನಗಿ. ಕೆನ್ನೆ ಚೌಕಟ್ಟನ್ನು ಮೇಲೆತ್ತಬಾರದು. ತಲೆ ಬಗ್ಗಿಸಿ ಅಲ್ಲಾಡಿಸಿ. ಕಡ್ಡಿ ಕಿವಿಯ ಹಿಂದೆ ಬಾಗುವ ಜಾಗ ಕಿವಿಯ ಬುಡಕ್ಕೇ ಸರಿಯಾಗಿ ಬರಬೇಕು. ದ್ವಿಚಕ್ರ ವಾಹನ ಓಡಿಸುವವರು ಹೆಲ್ಮೆಟನ್ನು ಅಂಗಡಿಗೇ ಒಯ್ಯಿರಿ. ಅಗಲ ಕಡ್ಡಿಯ ಚೌಕಟ್ಟು ಹೆಲ್ಮೆಟಿನೊಳಗೆ ಹದಿನೈದೇ ನಿಮಿಷದಲ್ಲಿ ತಲೆನೋವು ತರಬಲ್ಲದು. ಅಗಲ ಕಡ್ಡಿ ಪಕ್ಕದ ನೋಟವನ್ನೂ ಮರೆಮಾಡುತ್ತದೆ, ರಸ್ತೆಯಲ್ಲಿ ಅದು ಸಣ್ಣ ಮಾತಲ್ಲ.

ಹಂತ 6: ತಂಪು ಕನ್ನಡಕವಾದರೆ ಲೆನ್ಸಿನ ವಿಚಾರ

ಕಪ್ಪಗಿದ್ದಷ್ಟೂ ಕಣ್ಣಿಗೆ ರಕ್ಷಣೆ ಎಂಬುದು ಅಪಾಯಕಾರಿ ನಂಬಿಕೆ. ಲೆನ್ಸಿನ ಕಪ್ಪಿಗೂ ನೇರಳಾತೀತ ಕಿರಣ ತಡೆಯುವ ಗುಣಕ್ಕೂ ಸಂಬಂಧವಿಲ್ಲ. ಕಪ್ಪು ಲೆನ್ಸಿನ ಹಿಂದೆ ಪಾಪೆ ಹಿಗ್ಗುತ್ತದೆ. ಆ ಲೆನ್ಸಿಗೆ ಕಿರಣ ತಡೆಯುವ ಗುಣ ಇಲ್ಲದಿದ್ದರೆ ಹಿಗ್ಗಿದ ಪಾಪೆಯಿಂದ ಇನ್ನಷ್ಟು ಕಿರಣ ಒಳಗೆ ಹೋಗುತ್ತದೆ. ‘ಯುವಿ 400’ ಎಂಬ ಗುರುತು ಇರಲೇಬೇಕು. 400 ನ್ಯಾನೋಮೀಟರ್‌ವರೆಗಿನ ಕಿರಣಗಳಿಗೆ ತಡೆ ಎಂದು ಅದರರ್ಥ. ಅನುಮಾನವಿದ್ದರೆ, ಯುವಿ ಅಳೆಯುವ ಯಂತ್ರ ಇರುವ ಆಪ್ಟಿಕಲ್ಸ್ ಅಂಗಡಿಯಲ್ಲಿ ಕ್ಷಣದಲ್ಲಿ ಪರೀಕ್ಷಿಸಬಹುದು.

ಕಪ್ಪಿನ ಮಟ್ಟಕ್ಕೆ 0ಯಿಂದ 4ರವರೆಗಿನ ವರ್ಗಗಳಿವೆ. ನಮ್ಮ ಬಿಸಿಲಿಗೆ ವರ್ಗ 3 ಸರಿ. ಅದು ಶೇಕಡ 8ರಿಂದ 18ರಷ್ಟು ಬೆಳಕನ್ನು ಮಾತ್ರ ಬಿಡುತ್ತದೆ. ಮೋಡದ ದಿನಗಳಿಗೂ ಊರೊಳಗಿನ ಓಡಾಟಕ್ಕೂ ವರ್ಗ 2 ಸಾಕು. ವರ್ಗ 4 ಹಿಮಪರ್ವತ ಏರುವವರಿಗೆ. ಅದನ್ನು ಹಾಕಿಕೊಂಡು ವಾಹನ ಓಡಿಸಲೇಬಾರದು. ಫ್ಯಾಷನ್ನಿಗೆಂದು ಬರುವ ತಿಳಿ ಹಳದಿ, ತಿಳಿ ಗುಲಾಬಿ ಲೆನ್ಸುಗಳು ಬಹುಪಾಲು ವರ್ಗ 0 ಅಥವಾ 1ರವು. ಚೆಲುವಾಗಿವೆ, ಆದರೆ ಕಲಬುರಗಿಯ ಏಪ್ರಿಲ್ ಮಧ್ಯಾಹ್ನದ ಕುಕ್ಕುವ ಬೆಳಕಿಗೆ ಅವು ಸಾಲವು.

ಬೂದು ಬಣ್ಣದ ಲೆನ್ಸು ಬಣ್ಣಗಳನ್ನು ಇದ್ದಂತೆಯೇ ತೋರಿಸುತ್ತದೆ, ಕಂದು ಬಣ್ಣದ್ದು ಅಂಚುಗಳನ್ನು ಸ್ಪಷ್ಟಗೊಳಿಸುತ್ತದೆ. ಪೋಲರೈಸ್ಡ್ ಲೆನ್ಸು ಒದ್ದೆ ರಸ್ತೆ, ನೀರು, ಕಾರಿನ ಬಾನೆಟ್ಟಿನಿಂದ ಚಿಮ್ಮುವ ಕುಕ್ಕುವ ಬೆಳಕನ್ನು ಕತ್ತರಿಸುತ್ತದೆ. ಹೆದ್ದಾರಿಯಲ್ಲಿ ಓಡಿಸುವವರಿಗೆ ಅದನ್ನೇ ಹೇಳುತ್ತೇನೆ. ಕೆಲವು ಮೊಬೈಲ್ ಮತ್ತು ಡ್ಯಾಶ್‌ಬೋರ್ಡ್ ಪರದೆಗಳು ಅದರ ಮೂಲಕ ಕಪ್ಪಾಗಿ ಕಾಣುತ್ತವೆ, ಕೊಳ್ಳುವ ಮೊದಲೇ ನಿಮ್ಮದನ್ನು ನೋಡಿಕೊಳ್ಳಿ.

ಹಂತ 7: ಕೊಳ್ಳುವುದು ಮತ್ತು ಪವರ್ ಹಾಕಿಸುವುದು

ಸಬಾಯೆಯ ಒಳ್ಳೆಯ ಚೌಕಟ್ಟು ಜಪಾನಿನಲ್ಲಿಯೇ ಸಾಮಾನ್ಯವಾಗಿ ಮೂವತ್ತು ಸಾವಿರ ಯೆನ್‌ಗೆ ಮೇಲೆ. ವಿದೇಶದಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ ಎಲ್ಲ ಸೇರಿಸಿ ಲೆಕ್ಕ ಹಾಕಿ, ಹಿಂದಿರುಗಿಸುವ ನಿಯಮವನ್ನು ಮೊದಲೇ ಓದಿ. ಅಲ್ಲಿ ನೆಲೆಸಿರುವ ಬಂಧುಗಳಿದ್ದರೆ ನಿಮ್ಮ ಮೂರು ಅಂಕಿಗಳನ್ನು ಕಳಿಸಿ, ಅವುಗಳಿಂದ ಒಂದೆರಡು ಮಿಲಿಮೀಟರಿನೊಳಗಿನ ಚೌಕಟ್ಟನ್ನೇ ತರಲು ಹೇಳಿ. ಸ್ವತಃ ಹೋಗುವವರು ಸಬಾಯೆಯ ಕನ್ನಡಕ ಸಂಗ್ರಹಾಲಯಕ್ಕೆ ಹೋಗಿಬನ್ನಿ; ಹಳೆಯ ಉಪಕರಣಗಳ ಜೊತೆಗೆ ಅಲ್ಲಿ ಮಾರಾಟದ ಮಳಿಗೆಯೂ ಇದೆ.

ಪವರ್ ಲೆನ್ಸನ್ನು ಊರಿನಲ್ಲಿಯೇ ಹಾಕಿಸಿ. ಚೌಕಟ್ಟು ನಿಮ್ಮ ಮುಖದ ಮೇಲೆ ಸರಿಯಾಗಿ ಕೂತ ಮೇಲೆಯೇ ಪಾಪೆಯ ಜಾಗ ಗುರುತು ಮಾಡಬೇಕು, ಮೊದಲಲ್ಲ. ದಪ್ಪ ಅಸಿಟೇಟಿಗೆ ಲೆನ್ಸು ಕೂರಿಸುವುದು ಅಭ್ಯಾಸ ಬೇಕಾದ ಕೆಲಸ: ಚೌಕಟ್ಟನ್ನು ಹದವಾಗಿ ಬಿಸಿ ಮಾಡಬೇಕು, ಲೆನ್ಸು ಕೂದಲೆಳೆಯಷ್ಟು ದೊಡ್ಡದಾದರೂ ಚೌಕಟ್ಟು ಎಳೆದುಕೊಂಡು ಆಮೇಲೆ ಬಿರುಕು ಬಿಡುತ್ತದೆ. ಇಂಥ ಚೌಕಟ್ಟಿಗೆ ಲೆನ್ಸು ಕೂರಿಸಿದ್ದೀರಾ, ಮುರಿದರೆ ಹೊಣೆ ಯಾರದು ಎಂದು ಕೇಳಿಯೇ ಕೊಡಿ.

ಹಂತ 8: ಕಾಪಾಡಿಕೊಳ್ಳುವುದು

ಎರಡೂ ಕೈಯಿಂದ ತೆಗೆಯಿರಿ. ತಲೆಯ ಮೇಲೆ ಏರಿಸಿಕೊಳ್ಳುವ ಅಭ್ಯಾಸ ಬಿಡಿ; ಕಡ್ಡಿಗಳು ಅಗಲವಾಗುವುದು ಹಾಗೆಯೇ, ಜೊತೆಗೆ ತಲೆಯ ಎಣ್ಣೆಯೂ ಮೂಗಿನ ಭಾಗಕ್ಕೆ ಹತ್ತುತ್ತದೆ. ದಿನಕ್ಕೊಮ್ಮೆ ತಣ್ಣೀರಿನಡಿ ಹಿಡಿದು, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರಳಿಗೆ ಹಾಕಿ ಉಜ್ಜಿ, ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ. ಒಣಗಿದ ಲೆನ್ಸಿನ ಮೇಲೆ ಸೆರಗನ್ನೋ ಅಂಗಿಯ ತುದಿಯನ್ನೋ ಉಜ್ಜಿದರೆ ಮೇಲಿನ ಧೂಳೇ ಗೀರು ಹಾಕುತ್ತದೆ. ಸ್ಯಾನಿಟೈಸರ್ ಹತ್ತಿರ ತರಬೇಡಿ, ಆಲ್ಕೋಹಾಲ್ ತಗಲಿದರೆ ಅಸಿಟೇಟ್ ಮಂಕಾಗುತ್ತದೆ.

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಅಸಿಟೇಟ್ ಚೌಕಟ್ಟು ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ, ಲೆನ್ಸಿನ ಮೇಲಿನ ಲೇಪ ಜೇಡರ ಬಲೆಯಂತೆ ಬಿರಿಯುತ್ತದೆ. ಕಾರಿನಲ್ಲಿ ಬಿಡಲೇಬೇಕಾದರೆ ಪೆಟ್ಟಿಗೆಯಲ್ಲಿ ಹಾಕಿ ಸೀಟಿನ ಕೆಳಗೆ ಇಡಿ.

ಬೆವರು ಹೆಚ್ಚಿರುವವರ ಅಸಿಟೇಟ್ ಕಡ್ಡಿಗಳ ಮೇಲೆ ಕೆಲವು ವರ್ಷಗಳಲ್ಲಿ ಬಿಳಿಯ ಪೊರೆ ಕಾಣಿಸಿಕೊಳ್ಳುತ್ತದೆ. ಗಾಬರಿ ಬೇಡ. ಹೊಳಪು ಚಕ್ರ ಇರುವ ಆಪ್ಟಿಕಲ್ಸ್ ಅಂಗಡಿಯಲ್ಲಿ ಲೆನ್ಸು ತೆಗೆಸಿ ಉಜ್ಜಿಸಿದರೆ ಹೊಸದರಂತಾಗುತ್ತದೆ. ಕೊಳ್ಳುವ ದಿನವೇ ಒಂದೆರಡು ಹೆಚ್ಚುವರಿ ತಿರುಪು ಮತ್ತು ಮೂಗಿನ ಪ್ಯಾಡುಗಳನ್ನು ಕೇಳಿ ಪಡೆದು ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ. ಸಣ್ಣ ತಯಾರಕರ ತಿರುಪಿನ ಅಳತೆ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ. ಮಾದರಿಯ ಹೆಸರು, ಬಣ್ಣದ ಸಂಖ್ಯೆ, ರಸೀದಿ, ಮೂರರ ಚಿತ್ರವನ್ನೂ ಮೊಬೈಲಿನಲ್ಲಿ ಉಳಿಸಿಕೊಂಡಿರಿ. ಕಡ್ಡಿ ಮುರಿದ ದಿನ ತಯಾರಕರಿಗೆ ಬರೆಯುವಾಗ ಅವರು ಮೊದಲು ಕೇಳುವುದು ಅದನ್ನೇ.